ನೆರಿಗೆ ಕೆಳಗಾದ ಕೊಳವೆ

ಏಳನೆಯ ಕಂತು

ಇಂಪಿ ಏಣಿಯ ನಾಲ್ಕನೆಯ ಮೆಟ್ಟಿಲ ಮೇಲೆ ನಿಂತು, ಕೈಗವಸು ಬಿಚ್ಚಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವಳಂತೆ ಕೊಳವೆಯನ್ನು ಮುಟ್ಟಿದಳು.

ತಣ್ಣಗಿತ್ತು. ಎಂಟು ದಿನದಿಂದ ತಣ್ಣಗೇ ಇತ್ತು. ಹೋದ ವಾರದ ಶುಕ್ರವಾರ ಮಧ್ಯಾಹ್ನ ಅವಳ ಅಣ್ಣ ವಿಲ್ಹೊ ತನ್ನ ಇದೇ ಗ್ಯಾರೇಜಿನಲ್ಲಿ, ತಾನೇ ಸೂರಿಗೆ ತೂಗುಹಾಕಿದ ಇದೇ ಗ್ಯಾಸ್ ಹೀಟರಿನ ಕೆಳಗೆ, ವಿಷಗಾಳಿ ಕುಡಿದು ಸತ್ತಿದ್ದ.

"ಟೀಚರ್, ಇಳೀರಿ. ನೀವು ಬಿದ್ರೆ ನನ್ನ ಮೇಲೇ ಬೀಳೋದು," ಎಂದ ಕೆಳಗೆ ಏಣಿ ಹಿಡಿದು ನಿಂತಿದ್ದ ಕ್ಲೈಡ್ ಟ್ರೆಲೋರ್. ಷೆರಿಫ್ ಕಚೇರಿಯವನು. ಮೂವತ್ತು ದಾಟಿ ಹೊಟ್ಟೆ ಬಂದಿದ್ದರೂ, ಮೂರನೇ ಕ್ಲಾಸಿನಲ್ಲಿ ತನಗೆ ಗುಣಾಕಾರ ಕಲಿಸಿದವಳ ಮುಂದೆ ಅವನ ಟೋಪಿ ತಾನಾಗಿಯೇ ಕೈಗೆ ಬರುತ್ತಿತ್ತು.

"ಬೀಳಲ್ಲ. ನಿನ್ನ ವರದಿ ಕಾಗದದಲ್ಲಿ ಏನು ಬರ್ದಿದೀಯ, ಇನ್ನೊಂದ್ಸಲ ಹೇಳು."

"ಮಾಡಿನ ಮೇಲಿನ ಕೊಳವೆ ಬಾಯಿಗೆ ಹಿಮ ಕಟ್ಟಿತ್ತು. ಹೊಗೆ ಹೊರಗೆ ಹೋಗದೆ ಒಳಗೇ ತುಂಬ್ತು. ಹೀಟರು ಹಳೇದು, ಕೊಳವೆ ಕಟ್ಟಿದ್ರೆ ತಾನಾಗೇ ಆರೋ ಕೀಲು ಅದಕ್ಕಿಲ್ಲ. ಮೃತನ ಅಜಾಗ್ರತೆ. ಅಷ್ಟೇ."

"ಅಜಾಗ್ರತೆ," ಎಂದು ಇಂಪಿ ಆ ಪದವನ್ನು ನಾಲಿಗೆಯ ಮೇಲೆ ಇಟ್ಟು ನೋಡಿದಳು.

ಆ ಪದ ಈಗಾಗಲೇ ಊರೆಲ್ಲ ಸುತ್ತಿತ್ತು. ಇಪ್ಪತ್ತು ವರ್ಷದಿಂದ ಈ ಗಣಿ ಕಾಲೋನಿಯ ಅರ್ಧ ಗ್ಯಾರೇಜುಗಳಿಗೆ ಹೀಟರು ಕೂರಿಸಿದವನು ವಿಲ್ಹೊ. ಈಗ ಅಂಗಡಿಯ ಸಾಲಿನಲ್ಲಿ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು: 'ನಿನ್ನದೂ ವಿಲ್ಹೊ ಕೂರಿಸಿದ್ದಾ? ಹಾಗಾದ್ರೆ ಒಂದು ಕಿಟಕಿ ತೆಗ್ದೇ ಇಟ್ಕೊ, ಮಾರಾಯ.' ಶವಸಂಸ್ಕಾರದ ಕಾಫಿಯ ಹೊತ್ತಿನಲ್ಲೇ ಒಬ್ಬ ನಕ್ಕಿದ್ದ. ಕೈಯಲ್ಲಿ ಇಂಪಿ ಮಾಡಿದ ಏಲಕ್ಕಿ ಬ್ರೆಡ್ಡು ಹಿಡಿದುಕೊಂಡೇ ನಕ್ಕಿದ್ದ.

ಕೊಳವೆಯ ವಿಷಯದಲ್ಲಿ ವಿಲ್ಹೊ ತಪ್ಪುವವನಲ್ಲ ಎಂದು ಅವತ್ತೇ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅಣ್ಣನನ್ನು ಕೊಂದವನು ಸಿಗಬೇಕು. ಸಿಕ್ಕ ಮೇಲೆ ಅವನು ಮೊದಲು ಪೊಲೀಸರಿಗಲ್ಲ, ತನಗೆ ಸಿಗಬೇಕು.

"ಕ್ಲೈಡ್, ಹೀಟರಿನ ಹೊಗೆ ಬಿಸಿಯೋ ತಣ್ಣಗೋ?"

"ಬಿಸಿ."

"ಬಿಸಿ ಹೊಗೆ ಹೋಗ್ತಾ ಇರೋ ಬಾಯಿಗೆ ಹಿಮ ಹೇಗೆ ಕಟ್ಟುತ್ತೆ? ಊರಲ್ಲಿ ಎಲ್ಲರ ಮಾಡೂ ನೋಡು. ಎಲ್ಲೆಲ್ಲಿ ಕೊಳವೆ ಇದೆಯೋ ಅಲ್ಲೆಲ್ಲ ಹಿಮ ಕರಗಿ ಗುಂಡಿ ಬಿದ್ದಿದೆ."

ಟ್ರೆಲೋರ್ ಕತ್ತು ಚಾಚಿ ಹೊರಗೆ ಪಕ್ಕದ ಮನೆಯ ಮಾಡು ನೋಡಿದ.

"ಹಿಮ ಕಟ್ಟಿದ್ದಕ್ಕೆ ಹೊಗೆ ನಿಲ್ಲಲಿಲ್ಲ ಕಣೋ. ಹೊಗೆ ನಿಂತದ್ದಕ್ಕೆ ಹಿಮ ಕಟ್ಟಿತು. ಮೂರನೇ ಕ್ಲಾಸಲ್ಲೂ ನೀನು ಹೀಗೇ. ಲೆಕ್ಕ ಮಾಡ್ದೇ ಉತ್ತರ ಬರೀತಿದ್ದೆ."

ಅವಳು ಮತ್ತೆ ಕೊಳವೆಯ ಕಡೆ ತಿರುಗಿದಳು. ಹೀಟರಿನ ನೆತ್ತಿಯಲ್ಲೊಂದು ಕುಳ್ಳ ಕೊರಳು. ಅದರಿಂದ ಎರಡಡಿ ಉದ್ದದ ತಗಡಿನ ಕೊಳವೆ ನೇರವಾಗಿ ಮೇಲೆ ಹೋಗಿ, ಮಾಡು ತೂರಿ ಹೊರಗೆ ಹೋಗುವ ದಪ್ಪ ಕೊಳವೆಗೆ ಸೇರುತ್ತಿತ್ತು. ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಬೆರಳಿಗೆ ಸರಿಯಿರಲಿಲ್ಲ.

ಬೆರಳು ಹೀಟರಿನ ಕೊರಳನ್ನು ಸುತ್ತಿ ಬಂತು. ಮೇಲಿನ ಕೊಳವೆ ಕೊರಳನ್ನು ಹೊರಗಿನಿಂದ ತಬ್ಬಿಕೊಂಡಿರಬೇಕಿತ್ತು. ಅದು ಕೊರಳಿನ ಒಳಗೆ ಇಳಿದು ಕೂತಿತ್ತು.

ಇಂಪಿ ಬೆರಳನ್ನು ಇನ್ನೊಂದು ಸುತ್ತು ತಂದಳು.

ಅವರ ಅಪ್ಪನದು ತಗಡಿನ ಅಂಗಡಿ. ಅಣ್ಣತಂಗಿಯರಿಬ್ಬರೂ ಕೊಳವೆಗಳ ನಡುವೆಯೇ ಬೆಳೆದವರು. ಒಂದು ಕೊಳವೆ ಇನ್ನೊಂದರೊಳಗೆ ಸೇರಬೇಕಾದರೆ ಅದರ ಒಂದು ತುದಿಯನ್ನು ಇಕ್ಕಳದಿಂದ ಹಿಚುಕಿ ಹಿಚುಕಿ, ಹುಡುಗಿಯರ ಲಂಗದಂತೆ ನೆರಿಗೆ ಹಿಡಿದು, ಕಿರಿದು ಮಾಡುತ್ತಾರೆ. ಆ ನೆರಿಗೆ ಯಾವ ಕಡೆಗಿರಬೇಕು ಎಂಬುದರಲ್ಲೇ ಇರುವುದು ಕಸುಬು.

ಊರಿಗೆ ಗ್ಯಾಸು ಬಂದ ವರ್ಷ ವಿಲ್ಹೊ ಅಡುಗೆಮನೆಯ ಮೇಜಿನ ಮೇಲೆ ಎರಡು ಕೊಳವೆ ಇಟ್ಟು ಅವಳಿಗೆ ಹೇಳಿದ್ದ: 'ಸೌದೆ ಒಲೆಗೆ ನೆರಿಗೆ ಕೆಳಗೆ, ಇಂಪಿ. ಹೊಗೆಯ ಜಿಡ್ಡು ಇಳಿದ್ರೆ ಕೊಳವೆಯೊಳಗೇ ಇಳಿಯಲಿ, ಗೋಡೆಗೆ ಬೇಡ. ಗ್ಯಾಸಿಗೆ ಮಾತ್ರ ನೆರಿಗೆ ಮೇಲೆ. ಹೋಗೋ ಗಾಳಿಗೆ ದಾರೀಲಿ ಅಂಚು ಅಡ್ಡ ಬರಬಾರದು. ಇದನ್ನ ಮರೆತವನು ನನ್ನ ಏಣಿ ಮುಟ್ಟೋ ಹಾಗಿಲ್ಲ.'

ಇಲ್ಲಿ ನೆರಿಗೆ ಕೆಳಗಿತ್ತು.

"ಸ್ಕ್ರೂ ತಿರುಗಿಸೋದು ಕೊಡು," ಎಂದಳು.

"ಟೀಚರ್, ಅದನ್ನ ಮುಟ್ಟಬಾರದು..."

"ನೀನು ಮುಚ್ಚಿದ ಕೇಸು. ನಾನು ಮುಟ್ಟಿದ್ರೆ ಏನಾಗುತ್ತೆ? ಕೊಡು."

ಅವನು ಕೊಟ್ಟ. ಎರಡು ಕೊಳವೆ ಸೇರುವ ಕಡೆ ಒಂದೇ ಒಂದು ಸ್ಕ್ರೂ. ವಿಲ್ಹೊ ಮೂರಕ್ಕೆ ಕಡಿಮೆ ಹಾಕುವವನಲ್ಲ. ಕೊಳವೆ ಕೈಗೆ ಬಂತು. ಇಂಪಿ ಅದನ್ನು ತಲೆಕೆಳಗು ಮಾಡಿ ನೋಡಿದಳು. ಕೆಳತುದಿಯ ನೆರಿಗೆ ಕಾರ್ಖಾನೆಯದು, ಒಂದೇ ಸಮ. ಮೇಲಿನ ತುದಿಗೂ ನೆರಿಗೆಯಿತ್ತು! ಅದು ಕೈಯಿಂದ ಹಿಡಿದದ್ದು. ನಾಲ್ಕು ನೆರಿಗೆ, ಒಂದು ಖಾಲಿ. ಮತ್ತೆ ನಾಲ್ಕು, ಒಂದು ಖಾಲಿ. ಬಾಯಿಯ ಸುತ್ತಲೂ ಹಾಗೆಯೇ.

ಐದು ಹಲ್ಲಿನ ಇಕ್ಕಳ, ಒಂದು ಹಲ್ಲು ಮುರಿದದ್ದು.

"ಕ್ಲೈಡ್, ಇದು ನನ್ನಣ್ಣ ಕೂರಿಸಿದ ಕೊಳವೆ ಅಲ್ಲ. ಯಾರೋ ಅವನದ್ದನ್ನ ಬಿಚ್ಚಿ ಇದನ್ನ ಹಾಕಿದಾರೆ. ಹಾಕಿದವನು ಗ್ಯಾಸು ಕಂಡವನಲ್ಲ, ಸೌದೆ ಒಲೆ ಕಂಡವನು. ಅಭ್ಯಾಸ ಬಲದಿಂದ ನೆರಿಗೆ ಕೆಳಗಿಟ್ಟ. ಮೇಲುಗಡೆ ಸೇರ್ಲಿಲ್ಲ. ಅದಕ್ಕೆ ಆ ತುದಿಗೂ ಕೈಯಿಂದ ನೆರಿಗೆ ಹಿಡಿದ."

"ಯಾಕೆ ಹಾಗೆ ಮಾಡ್ತಾರೆ?"

"ಮೊದಲಿನ ಕೊಳವೆ ಒಳಗೆ ಏನೋ ಇತ್ತು. ಅದು ನಿನ್ನ ಕಣ್ಣಿಗೆ ಬೀಳಬಾರದಿತ್ತು."

ಟ್ರೆಲೋರ್ ತಲೆ ಕೆರೆದುಕೊಂಡ. "ಕಾಗದ ಸೋಮವಾರ ಬೆಳಿಗ್ಗೆ ಹೋಗುತ್ತೆ. ಹೋದ ಮೇಲೆ ನನ್ನ ಕೈಲಿಲ್ಲ. ನೆರಿಗೆ ಮೇಲಿತ್ತು ಕೆಳಗಿತ್ತು ಅಂತ ನಾನು ಹೋಗಿ ಹೇಳಿದ್ರೆ ನಗ್ತಾರೆ ಟೀಚರ್. ಒಬ್ಬ ಮನುಷ್ಯನ ಹೆಸರು ತಂದುಕೊಡಿ."

"ಇವತ್ತು ಶನಿವಾರ," ಎಂದಳು ಇಂಪಿ. "ಬೇಕಾದಷ್ಟು ಹೊತ್ತಿದೆ."

ಕೊಳವೆಯನ್ನು ಹಿಟ್ಟಿನ ಚೀಲದಲ್ಲಿ ಸುತ್ತಿಕೊಂಡು ಅವಳು ಹೊರಗೆ ಬಂದಳು.

* * *

ಗಂಡ ರೈನೋ ಟ್ರಕ್ಕಿನಲ್ಲೇ ಕೂತಿದ್ದ. ಅಣ್ಣ ಸತ್ತಾಗಿನಿಂದ ಅವನು ಆ ಗ್ಯಾರೇಜಿನೊಳಗೆ ಕಾಲಿಟ್ಟಿರಲಿಲ್ಲ. 'ನನ್ನ ಕೈಲಾಗಲ್ಲ ಕಣೇ,' ಎಂದಿದ್ದ. ಇಂಪಿ ಒತ್ತಾಯಿಸಿರಲಿಲ್ಲ. ದುಃಖ ಒಬ್ಬೊಬ್ಬರಿಗೆ ಒಂದೊಂದು ಬಗೆ.

ಅವಳು ಹತ್ತಿ ಕೂತಳು, ಟ್ರಕ್ಕು ಹೊರಟಿತು. ಬೂಟಿನ ಹಿಮ ಕಾಲಡಿಯ ರಟ್ಟಿನ ಮೇಲೆ ಕರಗತೊಡಗಿತು.

"ನನ್ನ ಹಾಸು ಎಲ್ರೀ? ರಟ್ಟು ಹಾಕಿದೀರಿ?"

"ಕೊಳೆಯಾಗಿತ್ತು. ಒಗೆಯೋಕೆ ಹಾಕ್ದೆ." ಅವನು ಕಾಫಿ ಫ್ಲಾಸ್ಕು ಚಾಚಿದ. "ಕುಡಿ. ತುಟಿ ನೀಲಿಗಟ್ಟಿದೆ. ಏನು ಸಿಕ್ತು?"

ಕಾಫಿ ಬೆಚ್ಚಗಿತ್ತು. ಎರಡು ಸಕ್ಕರೆ, ಅವಳಿಗೆ ಬೇಕಾದ ಹಾಗೆ.

"ಕೊಳವೆ ಬದಲಾಗಿದೆ. ಯಾರೋ ಅಣ್ಣನ ಕೊಳವೆ ಬಿಚ್ಚಿ ಬೇರೆ ಹಾಕಿದಾರೆ."

ಟ್ರಕ್ಕು ಒಮ್ಮೆ ಪಕ್ಕಕ್ಕೆ ಎಳೆದು, ರಸ್ತೆಯಂಚಿನ ಹಿಮದ ಗುಡ್ಡೆಗೆ ತಾಗಿ, ಮತ್ತೆ ದಾರಿಗೆ ಬಂತು.

"ಬದಲಾಗಿದೆಯಾ?" ರೈನೋನ ದನಿ ಬಿರಿದಿತ್ತು. "ಬೇರೆ ಹಾಕಿದಾರಾ? ಯಾರು?"

"ಸೌದೆ ಒಲೆ ಕಟ್ಟೋ ಕೈ. ಟ್ರಕ್ಕಲ್ಲಿ ಸದಾ ಕೊಳವೆ, ಇಕ್ಕಳ ಇಟ್ಕೊಂಡು ಓಡಾಡೋನು."

ರೈನೋ ಗಾಜು ಒರೆಸುವ ಕಡ್ಡಿಯ ಗುಂಡಿ ತಿರುಗಿಸಿದ. "ಅರ್ಮಸ್," ಎಂದ ಆಮೇಲೆ. "ಹೆಣ ಮೊದಲು ನೋಡಿದೋನು ಅವನೇ ಅಲ್ವಾ?"

ಹೌದು. ಅರ್ಮಸ್ ಕೊಕ್ಕೊ. ಐವತ್ತು ವರ್ಷಗಳಿಂದ ವಿಲ್ಹೊನ ಗೆಳೆಯ. ಹಳೆಯ ಎಣ್ಣೆ ಪೀಪಾಯಿಗಳನ್ನು ಕತ್ತರಿಸಿ ಬೆಸುಗೆ ಹಾಕಿ ಊರಿಗೆಲ್ಲ ಸೌನಾ ಎಂಬ ಹಬೆಸ್ನಾನದ ಕೋಣೆಗೆ ಒಲೆ ಮಾಡಿಕೊಡುವವನು. ಆ ಶುಕ್ರವಾರ ನಾಲ್ಕಕ್ಕೆ ಮೀನು ಹಿಡಿಯಲು ಕರೆಯಬಂದವನು ಅವನೇ, ಫೋನು ಮಾಡಿದವನೂ ಅವನೇ. ಹಿಮದಲ್ಲಿ ಷೆರಿಫ್ ಗಾಡಿ ಬಂದು ಮುಟ್ಟುವ ತನಕ ನಲವತ್ತು ನಿಮಿಷ ಹೆಣದ ಜೊತೆ ಒಬ್ಬನೇ ಇದ್ದವನು.

"ಅವನ ಮನೆಗೆ ನಡೀರಿ."

"ಒಬ್ಬಳೇ ಹೋಗ್ತೀಯಾ ಒಳಗೆ?"

"ನೀವು ಗಾಡೀಲಿರಿ. ಮಾತು ನಂದು."

"ಬಿಡಬೇಡ ಅವನ್ನ," ಎಂದ ರೈನೋ. ಗೇರು ಹಿಡಿದಿದ್ದ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವು. "ಏನು ಬೊಗಳಿದ್ರೂ ನಂಬಬೇಡ. ಒಪ್ಪಿಸಿ ಬಿಡು, ಮಾರಾಯ್ತಿ. ಇವತ್ತೇ ಮುಗಿಸಿಬಿಡು."

ತನ್ನ ಸಂಕಟ ಇವನಿಗೂ ಇದೆಯಲ್ಲ ಎಂದು ಇಂಪಿ ಆ ಬೆಳ್ಳಗಾದ ಕೈಯ ಮೇಲೆ ತನ್ನ ಕೈಯಿಟ್ಟಳು.

* * *

ಅರ್ಮಸ್‌ನ ಸೌನಾ ಮನೆಯ ಹಿಂದೆ, ಭೂರ್ಜ ಮರಗಳ ನಡುವೆ ಇತ್ತು. ಶನಿವಾರ. ಸಂಜೆ ನಾಲ್ಕರಿಂದ ಗಂಡಸರು ಒಂದು ಸರದಿ, ಹೆಂಗಸರು ಒಂದು ಸರದಿ ಇಲ್ಲಿ ಮೀಯುವ ದಿನ. ಅದಕ್ಕೆ ಹನ್ನೆರಡಕ್ಕೇ ಬೆಂಕಿ ಹಾಕಿಯಾಗಿತ್ತು. ಕೊಳವೆಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು.

ಬಟ್ಟೆ ಬಿಚ್ಚುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಒಳಗಿನ ಬಿಸಿಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಲಗೆ ಉಜ್ಜುವ ಸದ್ದು.

"ಯಾರದು? ಇಂಪಿಯಾ?" ಅರ್ಮಸ್ ಒಳಗಿನಿಂದ ಕೂಗಿದ. "ನಾಲ್ಕಕ್ಕೆ ಸ್ನಾನ, ಹನ್ನೆರಡಕ್ಕೇ ಬಂದ್ಯಲ್ಲೇ! ಬೆನ್ನು ಉಜ್ಜೋಕಾ? ಉಜ್ಜು, ಆದ್ರೆ ಗಂಡನ್ನ ಕೇಳ್ಕೊಂಡು ಬಾ."

ಈ ಎಪ್ಪತ್ತರ ಹತ್ತಿರದ ವಿಧುರ ಸಾಯುವ ತನಕ ಹೀಗೇ ಆಡುವವನು. ಬೇರೆ ದಿನವಾಗಿದ್ದರೆ ಅವಳು ಒಂದಕ್ಕೆ ಎರಡು ಹಿಂತಿರುಗಿಸುತ್ತಿದ್ದಳು. ಇವತ್ತು ಅವಳ ಕಣ್ಣು ಕೊಳವೆ ಹುಡುಕುತ್ತಿತ್ತು.

ಒಲೆ ಬಿಸಿಕೋಣೆಯಲ್ಲಿತ್ತು. ಅದರ ಹೊಗೆಕೊಳವೆ ಗೋಡೆ ತೂರಿ ಈ ಕೋಣೆಗೆ ಬಂದು, ಇಲ್ಲಿಂದ ಮಾಡಿಗೆ ಏರಿತ್ತು. ಚಳಿಗೆ ಬಟ್ಟೆ ಬಿಚ್ಚುವವರಿಗೂ ಸ್ವಲ್ಪ ಬೆಚ್ಚಗಿರಲಿ ಎಂದು. ಮೊಣಕೈ ತಿರುವಿನಲ್ಲಿ ಕೀಲು ಅವಳ ಕಣ್ಣ ಮಟ್ಟಕ್ಕೇ ಇತ್ತು.

ನಾಲ್ಕು ನೆರಿಗೆ, ಒಂದು ಖಾಲಿ. ನಾಲ್ಕು ನೆರಿಗೆ, ಒಂದು ಖಾಲಿ.

ಇಂಪಿ ಚೀಲವನ್ನು ಬೆಂಚಿನ ಮೇಲಿಟ್ಟಳು. ಸೌದೆ ರಾಶಿಯಿಂದ ಒಂದು ಭೂರ್ಜದ ಕೊರಡು ತೆಗೆದುಕೊಂಡಳು. ಬಿಸಿಕೋಣೆಯ ಬಾಗಿಲನ್ನು ಮೆತ್ತಗೆ ತಳ್ಳಿ ಮುಚ್ಚಿದಳು. ಕೊರಡನ್ನು ಬಾಗಿಲ ಹಿಡಿಯಿಂದ ಚೌಕಟ್ಟಿನ ಕೊಂಡಿಯೊಳಗೆ ಅಡ್ಡ ತೂರಿಸಿದಳು.

"ಇಂಪಿ, ಬಾಗಿಲು ಗಾಳಿಗೆ ಮುಚ್ಕೊಂತು ನೋಡು."

"ಗಾಳಿಗಲ್ಲ."

ಕೊಳವೆಯ ಪಕ್ಕದಲ್ಲಿ ಒಂದು ತಂತಿಯ ಹಿಡಿಯಿತ್ತು. ಅದನ್ನು ತಿರುಗಿಸಿದರೆ ಕೊಳವೆಯೊಳಗಿನ ತಟ್ಟೆ ಅಡ್ಡ ಬಂದು ಹೊಗೆಯ ದಾರಿ ಕಟ್ಟುತ್ತದೆ. ಬೆಂಕಿ ಪೂರ್ತಿ ಆರಿದ ಮೇಲೆ ಕಾವು ಉಳಿಯಲೆಂದು ತಿರುಗಿಸುವುದು. ಬೆಂಕಿ ಉರಿಯುವಾಗ ಅದನ್ನು ಮುಟ್ಟಿದ ಮಕ್ಕಳಿಗೆ ಈ ಊರಿನಲ್ಲಿ ಏಟು ಬೀಳುತ್ತದೆ.

ಇಂಪಿ ತಿರುಗಿಸಿದಳು.

ಬಾಗಿಲಿಗೊಂದು ಅಂಗೈಯಗಲದ ಗಾಜಿತ್ತು. ಅದರಾಚೆ ಅರ್ಮಸ್‌ನ ಮುಖ ಬಂತು. ಅವನು ಮೊದಲು ಅವಳನ್ನು ನೋಡಿದ, ಆಮೇಲೆ ಹಿಡಿಯ ಮೇಲಿದ್ದ ಅವಳ ಕೈಯನ್ನು.

"ಹುಚ್ಚು ಹಿಡೀತೇನೇ? ಹೊಗೆ ತುಂಬುತ್ತೆ!"

"ತುಂಬಲಿ." ಅವಳು ಹಿಟ್ಟಿನ ಚೀಲ ಬಿಚ್ಚಿ ಕೊಳವೆಯನ್ನು ಗಾಜಿನ ಮುಂದೆ ಹಿಡಿದಳು. "ಇದು ನಿನ್ನ ಇಕ್ಕಳದ ಹಲ್ಲು ತಾನೇ?"

ಅರ್ಮಸ್ ಗಾಜನ್ನು ಅಂಗೈಯಿಂದ ಒರೆಸಿ ನೋಡಿದ.

"ನಿಂದು ತಾನೇ?"

"ನಂದೇ."

"ಗ್ಯಾಸಿಗೆ ನೆರಿಗೆ ಮೇಲೆ ಅಂತ ನನ್ನಣ್ಣ ನಿನಗೆ ಎಷ್ಟು ಸಲ ಬೈದಿದ್ದ? ಕೊಂದ ಮೇಲಾದರೂ ನೆನಪಾಗ್ಲಿಲ್ವಾ ನಿನಗೆ?"

"ನಾನು ಕೊಂದಿಲ್ಲ." ಅವನು ಕೆಮ್ಮಿದ. ಅವನ ಹಿಂದೆ ಒಲೆಯ ಕಲ್ಲುಗಳ ನಡುವಿನಿಂದ ಬೂದು ಎಳೆಗಳು ಏಳುತ್ತಿದ್ದವು. "ಕೊಳವೆ ಬದಲಾಯಿಸಿದ್ದು ನಿಜ."

"ಯಾಕೆ?"

"ಅದನ್ನ ಕೇಳಬೇಡ."

"ಕೇಳೋಕೇ ಬಂದಿದೀನಿ."

"ಮನೆಗೆ ಹೋಗೇ ಇಂಪಿ. ಅವನು ಹೋದ. ಮಣ್ಣು ಹಾಕಿ ಆಯ್ತು. ಇನ್ನು ಕೆದಕಬೇಡ, ನಿನಗೆ ಒಳ್ಳೇದಾಗಲ್ಲ."

'ನಿನಗೆ ಒಳ್ಳೇದಾಗಲ್ಲ' ಎಂಬ ಮಾತು ಅವಳ ಒಳಗೆ ಎಲ್ಲೋ ಬೆಂಕಿಕಡ್ಡಿ ಗೀರಿತು. ಶವಪೆಟ್ಟಿಗೆಯಲ್ಲಿ ಅಣ್ಣನ ಮುಖ ನೆನಪಾಯಿತು. ಆ ಗಾಳಿ ಕುಡಿದವರ ಮುಖ ಬಿಳಿಚುವುದಿಲ್ಲ, ಕೆಂಪಾಗುತ್ತದೆ. ಆಗಷ್ಟೇ ಸೌನಾದಿಂದ ಎದ್ದು ಬಂದವನಂತೆ ಕೆನ್ನೆ ಕೆಂಪಗೆ ಮಲಗಿದ್ದ ವಿಲ್ಹೊ. ಅವಳು ಹುಡುಗಿಯಾಗಿದ್ದಾಗ ಬೂಟಿನ ದಾರ ಕಟ್ಟಿಕೊಡುತ್ತಿದ್ದ ಅಣ್ಣ. ಆ ಅಣ್ಣನ ಜೊತೆ ಎರಡು ವರ್ಷದಿಂದ ಅವಳು ಮಾತು ಬಿಟ್ಟಿದ್ದಳು. ಇನ್ನು ಆಡಲಾಗುವುದಿಲ್ಲ.

"ಅವನೂ ಕೆಮ್ಮಿದ್ದ ಕಣೋ," ಎಂದಳು. ದನಿ ಪಾಠ ಓದಿಸುವಾಗಿನಂತೆ ಸಮವಾಗಿತ್ತು. "ಬಾಗಿಲ ತನಕ ತೆವಳಿದ್ದ. ಮೊಣಕೈ ಗೀರಿತ್ತು, ನಾನೇ ತೊಳ್ದೆ. ಅವನು ಕುಡಿದ ಗಾಳಿ ನೀನೂ ಒಂಚೂರು ಕುಡಿ. ರುಚಿ ಗೊತ್ತಾಗಲಿ. ಆಮೇಲೆ ಹೇಳು, ಯಾಕೆ ಅಂತ."

ಅರ್ಮಸ್ ಬಾಗಿಲು ತಟ್ಟಿದ, ಭುಜ ಕೊಟ್ಟು ತಳ್ಳಿದ. ಭೂರ್ಜದ ಕೊರಡು ಕಿರುಗುಟ್ಟಿತು, ಜಗ್ಗಲಿಲ್ಲ. ಗಾಜಿನ ಹಿಂದೆ ಮುಖ ಮಸುಕಾಯಿತು. ಅವನು ಬಗ್ಗಿ, ಬಾಗಿಲ ಕೆಳಸಂದಿಗೆ ಬಾಯಿಟ್ಟು ಉಸಿರೆಳೆದುಕೊಳ್ಳುವುದು ಕೇಳಿಸಿತು.

ಇಂಪಿ ಎಣಿಸತೊಡಗಿದಳು. ತರಗತಿಯಲ್ಲಿ ಗಲಾಟೆ ಮಾಡಿದ ಮಕ್ಕಳನ್ನು ನಿಲ್ಲಿಸಿ ಎಣಿಸುತ್ತಿದ್ದ ಹಾಗೆ. ಹನ್ನೊಂದು. ಹನ್ನೆರಡು. ಹದಿಮೂರು.

"ಇಂಪಿ." ನೆಲದ ಮಟ್ಟದಿಂದ ಬಂತು ದನಿ. "ಟವೆಲ್ಲಿನ ಗೂಡು. ಹಿಂದಿನ ಹಲಗೆ ಸಡಿಲ ಇದೆ. ತೆಗೆದು ನೋಡು." ಕೆಮ್ಮು. "ನೋಡಿದ ಮೇಲೂ ನಾನು ಸಾಯಬೇಕು ಅನ್ನಿಸಿದ್ರೆ, ಸಾಯಿಸು. ಬಾಗಿಲು ತಟ್ಟಲ್ಲ."

ಅವನು ನಿಜವಾಗಿಯೂ ತಟ್ಟುವುದನ್ನು ನಿಲ್ಲಿಸಿದ. ಆ ಮೌನವೇ ಅವಳನ್ನು ಗೂಡಿನ ಕಡೆ ಎಳೆಯಿತು.

ಟವೆಲ್ಲುಗಳನ್ನು ಬೀಳಿಸಿದಳು. ಹಲಗೆ ಉಗುರಿಗೇ ಬಂತು. ಹಿಂದೆ, ಗೋಡೆಯ ಟೊಳ್ಳಿನಲ್ಲಿ, ಒಂದು ಕೊಳವೆ.

ಅದರ ಮೇಲೆ ಪೆನ್ಸಿಲಿನಲ್ಲಿ ಮೇಲ್ಮುಖದ ಬಾಣ. ಬಾಣದ ಪಕ್ಕದಲ್ಲಿ ಅಣ್ಣನ ಅಕ್ಷರದಲ್ಲಿ ತಾರೀಕು. ಮೂರು ಸ್ಕ್ರೂಗಳ ತೂತು, ಸಮ ಅಂತರದಲ್ಲಿ. ಇದು ವಿಲ್ಹೊ ಕೂರಿಸಿದ ಕೊಳವೆ. ಯಾರೂ ನಗಲಾರದ ಕೆಲಸ. ಅವಳು ಅದನ್ನು ಒಂದು ಕ್ಷಣ ಎದೆಗೆ ಒತ್ತಿಕೊಂಡಳು.

ಆಮೇಲೆ ಒಳಗೆ ನೋಡಿದಳು.

ಕೊಳವೆಯ ನಡುವೆ ಏನನ್ನೋ ಬಿಗಿಯಾಗಿ ತುರುಕಲಾಗಿತ್ತು. ಬೆರಳು ಹಾಕಿ ಎಳೆದಳು. ಬರಲಿಲ್ಲ. ಅಲ್ಲೇ ಬೆಂಚಿನ ಮೇಲಿದ್ದ ಮೀನಿನ ಚಾಕುವಿನಿಂದ ಮೀಟಿದಳು. ಒಂದು ತುಂಡು ಹರಿದು ಹೊರಬಂತು. ಅಂಚು ಸುಟ್ಟು ಕಂದಿತ್ತು, ಆದರೆ ಒಳಗಿನ ಬಣ್ಣ ಹಾಗೇ ಇತ್ತು.

ಚಿಂದಿ ಬಟ್ಟೆಯಿಂದ ನೆಯ್ದ ಹಾಸು. ಅದರ ಒಂದು ತುಂಡು.

ನೀಲಿ ಪಟ್ಟೆ: ಅಪ್ಪನ ಅಂಗಡಿ ಅಂಗಿ. ಹಳದಿ ಪಟ್ಟೆ: ಅಮ್ಮನ ಅಡುಗೆ ಮೇಲುಡುಪು. ಅವುಗಳ ನಡುವೆ, ನೆಯ್ಗೆ ತಪ್ಪಿ ವಕ್ರವಾಗಿ ಬಂದ ಒಂದು ಕೆಂಪು ಚೌಕಳಿಯ ಎಳೆ. ಅವತ್ತು ಮೊಮ್ಮಗಳಿಗೆ ಜ್ವರ, ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಲಾಳಿ. ಬಿಚ್ಚಿ ಸರಿಮಾಡೋಣ ಎಂದುಕೊಂಡು ಮಾಡದೇ ಉಳಿದ ವಕ್ರ.

ಈ ಹಾಸನ್ನು ನೆಯ್ದವಳು ಇಂಪಿ.

ಅವಳು ಹೋಗಿ ಕೊಳವೆಯ ಹಿಡಿ ಹಿಂದಕ್ಕೆ ತಿರುಗಿಸಿದಳು. ಕೊರಡು ಎಳೆದಳು. ಬಾಗಿಲು ತೆರೆಯಿತು. ಹೊಗೆಯ ಜೊತೆಗೆ ಅರ್ಮಸ್ ಮಂಡಿಯ ಮೇಲೆ ಹೊರಗೆ ಬಿದ್ದ. ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಅವಳು ಒದ್ದೆ ಟವೆಲ್ಲು ಕೊಟ್ಟಳು, ಬೆನ್ನು ತಟ್ಟಿದಳು. ಕೊಲ್ಲಲು ಎಣಿಸುತ್ತಿದ್ದ ಕೈಯೇ ಅದು.

"ನೀನೇ ಅಂದ್ಕೊಂಡೆ," ಎಂದ ಅವನು, ಉಸಿರು ಸಿಕ್ಕ ಮೇಲೆ.

"ನಾನಾ?"

"ಫೋನು ಮಾಡಿ ಬಂದು ಹೀಟರು ಆರಿಸ್ದೆ. ಕೊಳವೆ ಬಿಚ್ಚಿ ನೋಡಿದೆ. ನಿನ್ನ ಹಾಸು. ಈ ಊರಲ್ಲಿ ನಿನ್ನ ನೆಯ್ಗೆ ಗೊತ್ತಿಲ್ದೋರು ಯಾರಿದಾರೆ? ತುರುಕಿದ್ದು ಬರ್ಲಿಲ್ಲ. ಗಾಡೀಲಿ ಹೊಸ ಕೊಳವೆ ಇತ್ತು." ಅವನು ಮೂಗು ಒರೆಸಿಕೊಂಡ. "ಅವಸರ. ನೆರಿಗೆ ಮೇಲೋ ಕೆಳಗೋ, ಯಾರು ನೋಡಿದ್ರು."

"ನಾನು ನನ್ನಣ್ಣನ್ನ ಕೊಲ್ತೀನಾ? ಅರ್ಮಸ್, ನಿನ್ನ ತಲೇಲಿ ಏನಿದೆಯೋ, ಹೊಟ್ಟಾ?"

"ಎರಡು ವರ್ಷ ಮಾತಾಡಿದ್ರಾ ನೀವು? ನಿಮ್ಮಿಬ್ಬರ ಕೆರೆ ದಂಡೆ ಜಾಗ ಮಾರೋಕೆ ಅವನು ಸಹಿ ಹಾಕ್ಲಿಲ್ಲ ಅಂತ ನೀನು ಮಾತು ಬಿಟ್ಟೆ. ಊರಿಗೆಲ್ಲ ಗೊತ್ತು." ಅವನು ಅವಳ ಮುಖ ನೋಡದೆ ಹೇಳಿದ. "ವಿಲ್ಹೊ ಹೋದ. ನಿನ್ನನ್ನೂ ಜೈಲಿಗೆ ಕಳ್ಸಿ ನಾನು ಶನಿವಾರ ಯಾರ ಜೊತೆ ಕಾಫಿ ಕುಡೀಲಿ? ಅದಕ್ಕೇ ಬಚ್ಚಿಟ್ಟೆ."

"ಜಾಗ ಮಾರಬೇಕು ಅಂದವಳು ನಾನಲ್ಲ," ಎಂದಳು ಇಂಪಿ. "ಅದು..."

ಅವಳು ಕೈಯಲ್ಲಿದ್ದ ಹಾಸಿನ ತುಂಡನ್ನು ಮತ್ತೆ ನೋಡಿದಳು.

ಎಂಟು ವರ್ಷ ಈ ಹಾಸು ಅವಳ ಅಡುಗೆಮನೆಯ ಹಿಂಬಾಗಿಲಲ್ಲಿ ಬಿದ್ದಿತ್ತು. ಹೋದ ಶರತ್ಕಾಲದಲ್ಲಿ ಒಂದು ಅಂಚು ಬಿಚ್ಚಿಕೊಂಡಿತು. ಎಸೆಯಲು ಮನಸ್ಸು ಬರದೆ ಅವಳೇ ಅದನ್ನು ಟ್ರಕ್ಕಿನೊಳಗೆ ಹಾಸಿದ್ದಳು. ತನ್ನ ಕಾಲಡಿಗೆ.

'ಕೊಳೆಯಾಗಿತ್ತು. ಒಗೆಯೋಕೆ ಹಾಕ್ದೆ.'

ಮೂವತ್ತಾರು ವರ್ಷದ ಸಂಸಾರದಲ್ಲಿ ಒಂದು ಕರವಸ್ತ್ರವನ್ನೂ ಒಗೆಯದ ಗಂಡಸು.

ಟ್ರಕ್ಕು ಪಕ್ಕಕ್ಕೆ ಎಳೆದದ್ದು ನೆನಪಾಯಿತು. ಕೊಳವೆ ಬದಲಾಗಿದೆ ಎಂದಾಗ ಬಿರಿದ ಆ ದನಿ. ಅದು ದುಃಖವಾಗಿರಲಿಲ್ಲ. ತಾನು ತುರುಕಿದ್ದು ಷೆರಿಫ್ ಕಚೇರಿಯವರಿಗೆ ಸಿಗದೆ ಎಲ್ಲಿ ಮಾಯವಾಯಿತೆಂದು ಎಂಟು ದಿನ ತಲೆ ಕೆಡಿಸಿಕೊಂಡವನಿಗೆ ಉತ್ತರ ಸಿಕ್ಕ ದನಿ. 'ಏನು ಬೊಗಳಿದ್ರೂ ನಂಬಬೇಡ. ಇವತ್ತೇ ಮುಗಿಸಿಬಿಡು.'

ಅವಳ ಕೈಯಿಂದಲೇ ಅರ್ಮಸ್‌ನನ್ನು ಮುಗಿಸಲು ಕಳಿಸಿದ್ದ. ಇನ್ನಷ್ಟು ಹೊತ್ತು ಎಣಿಸುತ್ತ ನಿಂತಿದ್ದರೆ ಆಗಿಯೇ ಹೋಗುತ್ತಿತ್ತು.

ಹೊರಗೆ ಟ್ರಕ್ಕಿನ ಹಾರ್ನ್ ಕೇಳಿಸಿತು. ಒಂದು ಸಲ. ಆಮೇಲೆ ಟ್ರಕ್ಕಿನ ಬಾಗಿಲು ತೆರೆದು ಮುಚ್ಚಿದ ಸದ್ದು, ಹಿಮದ ಮೇಲೆ ಬೂಟುಗಳ ಕರಕರ.

"ಇಂಪೀ!" ರೈನೋ ಕೂಗಿದ. "ಒಪ್ಕೊಂಡ್ನಾ ಅವನು?"

ಅರ್ಮಸ್ ಅವಳ ಮುಖ ನೋಡಿದ. ಅವಳ ಕೈಯಲ್ಲಿದ್ದ ಹಾಸಿನ ತುಂಡು ನೋಡಿದ. ನಿಧಾನವಾಗಿ ಅವನ ಬಾಯಿ ತೆರೆಯಿತು. ಅವಳು ತುಟಿಯ ಮೇಲೆ ಬೆರಳಿಟ್ಟಳು.

ತುಂಡನ್ನು ಕೋಟಿನೊಳಗೆ ಎದೆಯ ಹತ್ತಿರ ಸೇರಿಸಿದಳು. ಅಣ್ಣನ ಕೊಳವೆಯನ್ನು ಗೂಡಿನ ಹಿಂದಕ್ಕೆ ಇಟ್ಟು ಹಲಗೆ ಮುಚ್ಚಿದಳು. ಟವೆಲ್ಲುಗಳನ್ನು ಒಂದೊಂದಾಗಿ ಮಡಿಸಿ ಜೋಡಿಸಿದಳು. ಸೌದೆ ರಾಶಿಯಿಂದ ಎರಡು ಒಣ ತುಂಡು ತಂದು ಒಲೆಗೆ ಹಾಕಿದಳು.

"ಕೋಣೆಯ ಹೊಗೆಯೆಲ್ಲ ಹೊರಗೆ ಹೋಗಲಿ," ಎಂದಳು ಅರ್ಮಸ್‌ಗೆ, ಪಿಸುಮಾತಿನಲ್ಲಿ. "ಬೆಂಕಿ ಮಾತ್ರ ಆರಿಸಬೇಡ. ನಾಲ್ಕಕ್ಕೆ ನಾವಿಬ್ಬರೂ ಸ್ನಾನಕ್ಕೆ ಬರ್ತೀವಿ."

"ಇಂಪಿ, ಕ್ಲೈಡ್‌ಗೆ ಫೋನು ಮಾಡೋಣ."

"ಮಾಡೋಣ. ಸೋಮವಾರದ ತನಕ ಹೊತ್ತಿದೆ." ಅವಳು ಬಾಗಿಲಿಗೆ ಅಡ್ಡ ಹಾಕಿದ್ದ ಭೂರ್ಜದ ಕೊರಡನ್ನು ನೆಲದಿಂದ ಎತ್ತಿದಳು. ರಾಶಿಗೆ ಎಸೆಯಲಿಲ್ಲ. ಬಿಸಿಕೋಣೆಯ ಬಾಗಿಲ ಪಕ್ಕಕ್ಕೆ, ಕೈಗೆ ಸಿಗುವ ಹಾಗೆ, ಗೋಡೆಗೆ ಒರಗಿಸಿ ನಿಲ್ಲಿಸಿದಳು.

ಬೂಟಿನ ಸದ್ದು ಹೊಸ್ತಿಲಿಗೆ ಬಂದಿತ್ತು.

"ಬಂದೆ ಕಣ್ರೀ," ಎಂದು ಅವಳು ಕೂಗಿದಳು. ಆ ದನಿ, ಮೂವತ್ತಾರು ವರ್ಷದಿಂದ ದಿನವೂ ಊಟಕ್ಕೆ ಕರೆಯುತ್ತಿದ್ದ ದನಿಯೇ ಆಗಿತ್ತು. ಆಮೇಲೆ ಅರ್ಮಸ್‌ನ ಕಡೆ ಬಗ್ಗಿ ಕೇಳಿದಳು:

"ನಿಮ್ಮನೇಲಿ ಗಂಡಸರ ಸರದಿ ತಾನೇ ಮೊದಲು?"